ಫೈನಲ್ ಮಾಫಿ

ಅಲ್ ಮನ್ಸೂರಾ, ದೋಹಾ
೧೫-೧೧-೧೯೯೭, ಶನಿವಾರ

ಪ್ರೀತಿಯ ಜೇಕಬ್,

ಆಪರೇಶನ್ ಆದ ಮೇಲೆ ಅತ್ತೆಯವರು ಎದ್ದು ನಡೆಯುತ್ತಿದ್ದಾರೆಯೇ? ನಿಮ್ಮ ಶುಗರ್ ಹೇಗಿದೆ? ನಾನು ಹತ್ತಿರವಿಲ್ಲವೆಂದು ಸಿಹಿ ಮಣ್ಣಿಯ ತಟ್ಟೆಗೆ ಕೈ ಹಾಕಬೇಡಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಮಾತೊಂದನ್ನು ಮೀರಿದ್ದೇನೆ, ಅಷ್ಟೇ. ಬೇರೆ ಯಾರೋ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆಂದು, ನಾಳೆ ಊರಿಗೆ ಹೊರಟಿರುವ ಪಕ್ಕದ ಮನೆಯ ಲೈಲಾಳ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ವಿಷಯ, ನಮ್ಮೂರ ಕಾಲೇಜುಗಳ ಹಳೆ ವಿದ್ಯಾರ್ಥಿಗಳು ಇಲ್ಲಿ ಆಡುವ ಫುಟ್‌ಬಾಲಿನದು. ಈ ವರ್ಷವೂ ನಿಮ್ಮ ಮಂಗಳೂರಿನ ಕಾಲೇಜು ಸೋಲಲಿಲ್ಲ, ನನ್ನ ತಮ್ಮ ಡಿಲನ್ ಗೋಲ್‌ಕೀಪರ್ ಆಗಿರುವ ಉಡುಪಿಯ ಕಾಲೇಜೂ ಸೋಲಲಿಲ್ಲ. ಬೇರೆ ಬೇರೆ ಗುಂಪು, ಒಂದಕ್ಕೊಂದು ಎದುರಾಗಲೂ ಇಲ್ಲ. ಕಪ್ ಯಾರಿಗೆಂದು ಅಧ್ಯಕ್ಷರಾದ ನೀವೂ ಕಮಿಟಿಯ ಹಿರಿಯರೂ ಕೈ ಎತ್ತಿ ತೀರ್ಮಾನಿಸುತ್ತೀರಿ. ಫೈನಲ್ ಇಟ್ಟರೆ ಜಗಳ, ಒಂದು ದಿನದ ಅದೃಷ್ಟಕ್ಕೆ ಇಡೀ ಸೀಸನ್ನಿನ ಆಟ ನೀರುಪಾಲು ಎನ್ನುತ್ತೀರಿ. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಹೋದ ವರ್ಷ ನೀವು ನಿಮ್ಮ ಕಾಲೇಜಿಗೇ ಕೈ ಎತ್ತಿದಂದಿನಿಂದ ಡಿಲನ್ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ, ನಿಮ್ಮೊಡನೆ ಮಾತಿಲ್ಲ. ಜಗಳ ಬೇಡವೆಂದು ಫೈನಲ್ ಬಿಟ್ಟಿರಿ, ಜಗಳ ಬಂದು ನಮ್ಮ ಮನೆಯಲ್ಲೇ ಕೂತಿತು. ಈಗ ಅವನ ಇಲ್ಲಿನ ಕೆಲಸ ಖಲಾಸ್, ಬರುವ ಗುರುವಾರ ಊರಿಗೇ ಹೊರಡುತ್ತಾನೆ. "ಈ ಸಲವೂ ಆಡದೆಯೇ ಸೋಲುವುದಾ ಅಕ್ಕ?" ಎಂದು ನನ್ನನ್ನು ಕೇಳಿದ.

ಬುಧವಾರ ನೀವು ಕಾರ್ಯದರ್ಶಿ ನಿಯಾಝ್‌ಗೆ ಫೋನಿನಲ್ಲಿ "ಫೈನಲ್ ಮಾಫಿ" ಎಂದಿರಂತೆ. ಪಾಪ, ಈಚೆಗೆ ಮಂಗಳೂರಿನಿಂದ ಬಂದವನು. ಬಡ್ಡಿ ಮಾಫಿ, ದಂಡ ಮಾಫಿ ಕೇಳಿ ಬೆಳೆದವನಿಗೆ ಇಲ್ಲಿನ ಅರಬಿಯಲ್ಲಿ ಮಾಫಿ ಎಂದರೆ 'ಇಲ್ಲ' ಎಂದು ಹೇಗೆ ಗೊತ್ತಾಗಬೇಕು! ಫೈನಲಿಗೆ ಫೀಸು ಮಾಫಿ ಎಂದುಕೊಂಡು, ಎರಡೂ ತಂಡಗಳನ್ನು ಶುಕ್ರವಾರ ಉಮ್ಮ್ ಸಲಾಲ್‌ನ ಮೈದಾನಕ್ಕೆ ಕರೆದ. ಖುಷಿಯಿಂದ ನನಗೂ ಹೇಳಿದ. ಅವನ ತಪ್ಪು ನನಗೆ ಆಗಲೇ ತಿಳಿಯಿತು. ಬೇಕೆಂದೇ ಬಾಯಿ ಬಿಡಲಿಲ್ಲ.

ಮೈದಾನದಲ್ಲಿ ನಿಮ್ಮ ಕಮಿಟಿಯ ಹಸೈನಾರ್ ಸಾಹೇಬರು, "ಜೇಕಬ್ ಹೇಳಿದ್ದು ಫೈನಲ್ ಇಲ್ಲ ಅಂತ ಮಾರಾಯ್ರೆ, ಎಲ್ಲ ಮನೆಗೆ ಹೋಗಿ" ಎಂದು ಕೂಗಿದರು. ಆಗ ನಾನು ಕಪ್ ಹಿಡಿದು ಗೆರೆಯ ಮೇಲೆ ನಿಂತೆ. "ಇದು ಇರುವುದು ನಮ್ಮ ಕಪಾಟಿನಲ್ಲಿ. ಆಡಿ ಗೆದ್ದವರಿಗೆ ಕೊಡ್ತೇನೆ, ಕೈ ಎತ್ತಿಸಿಕೊಂಡವರಿಗೆ ಇಲ್ಲ. ಯಲ್ಲಾ, ಶುರು ಮಾಡಿ!" ಎಂದೆ. ಆಡಿದರು. ಜಗಳವಾಗಲಿಲ್ಲ.

ಇನ್ನು ಪ್ರತಿ ವರ್ಷವೂ ಫೈನಲ್ ಇರಬೇಕು. ಕಮಿಟಿಯಲ್ಲಿ ಅದನ್ನು ನೀವು ಹೇಳಬೇಕು, ಇಲ್ಲವೇ ನಾನು ಹೇಳುತ್ತೇನೆ. ಯಾವುದು ಚೆಂದವೋ ಯೋಚಿಸಿ. ಅತ್ತೆಯವರ ಆಶೀರ್ವಾದ ಬೇಡಿದೆನೆಂದು ತಿಳಿಸಿ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿಮ್ಮ ಹಟಮಾರಿ,
ಎಲಿಜಬೆತ್

ತಾ.ಕ.: ಗೆದ್ದದ್ದು ನಿಮ್ಮ ಕಾಲೇಜೇ. ಒಂದೇ ಗೋಲು, ಅದೂ ಡಿಲನ್‌ನ ಕಾಲ ಸಂದಿಯಲ್ಲಿ ನುಸುಳಿದ್ದು. ಹಿಗ್ಗಬೇಡಿ. ಆಟ ಮುಗಿಸಿ ಅವನು ನಮ್ಮ ಮನೆಗೆ ಬಂದ, ಉಂಡ, "ಭಾವನಿಗೆ ನಾನೇ ಹೇಳ್ತೇನೆ" ಎಂದ. ಬರುವ ಶುಕ್ರವಾರ ಅವನನ್ನು ಕರೆತರಲು ಬಜಪೆ ವಿಮಾನ ನಿಲ್ದಾಣಕ್ಕೆ ನೀವೇ ಹೋಗಿ. ಸೋತ ಸುದ್ದಿಯನ್ನು ಅವನು ಹೇಳುವಾಗ, ಮೊದಲ ಸಲ ಕೇಳುತ್ತಿರುವವರಂತೆ ಕೇಳಿಸಿಕೊಳ್ಳಿ.