ತಿರುಗಿ ನೋಡುವ ಹಕ್ಕಿ

ತಕೀಲೆ ದ್ವೀಪ
22 ಮಾರ್ಚ್ 1987

ಪ್ರೀತಿಯ ಗೆಳೆಯ ಬೆನಿಗ್ನೊಗೆ,

ನಿನ್ನ ಮಗ ರುಫಿನೊ ಕ್ಷೇಮವಾಗಿದ್ದಾನೆ, ತಿಂದುಂಡು ಗುಂಡಗಾಗಿದ್ದಾನೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ನೆಮ್ಮದಿಯಾಗಿ ಓದುತ್ತೀಯ. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬಯ್ಯಬೇಡ. ಗಾಳಿಮಳೆಗೆ ನಮ್ಮ ದೊಡ್ಡ ಕೆರೆ ದಾಟಿ ಪುನೋ ಪೇಟೆಗೆ ಹೋಗುವ ದೋಣಿ ನೆಟ್ಟಗೆ ಓಡುತ್ತಿರಲಿಲ್ಲ, ಆಲೂಗಡ್ಡೆ ಹೊಲದಲ್ಲಿ ಕಳೆ ಬೆಳೆದಿತ್ತು, ಕನ್ನಡಕದ ಕಾಲು ಮುರಿದಿತ್ತು. ಇದೆಲ್ಲ ನಿಜ. ಆದರೂ ಇವು ನೆಪಗಳೆಂದು ನಿನಗೆ ಗೊತ್ತಾಗುತ್ತದೆ. ಚಿಕ್ಕಂದಿನಿಂದ ನನ್ನ ಸುಳ್ಳುಗಳನ್ನು ಹಿಡಿಯುತ್ತಿದ್ದವನು ನೀನು, ಒಂದನ್ನು ಬಿಟ್ಟು.

ಹೋದ ಜೂನಿನಲ್ಲಿ ನಿನ್ನ ತಾಯಿಯ ಮಣ್ಣಿಗೂ ನೀನು ಬರಲಿಲ್ಲ, ಮಗನನ್ನು ಕಳಿಸಿದೆ. ಎಂಟು ದಿನಕ್ಕೆಂದು ಬಂದ ಹುಡುಗ ನಮ್ಮ ದೋಣಿಯ ಎಂಜಿನ್ ರಿಪೇರಿ ಮಾಡುತ್ತೇನೆಂದು ನಿಂತ. ಎಂಜಿನ್ ಎರಡೇ ದಿನದಲ್ಲಿ ಸರಿಹೋಯಿತು, ಹುಡುಗ ಸರಿಹೋಗಲಿಲ್ಲ. ನನ್ನ ಮಗಳು ಸಬೀನಾ ಅಂಗಳದಲ್ಲಿ ಮಗ್ಗ ಹೂಡಿ ಸೊಂಟಪಟ್ಟಿ ನೇಯುವ ಹೊತ್ತಿಗೆ ಸರಿಯಾಗಿ ಇವನಿಗೆ ನಮ್ಮ ಮನೆಯಲ್ಲಿ ಸ್ಪ್ಯಾನರ್ ಬೇಕಾಗುತ್ತಿತ್ತು. ನನ್ನ ಮನೆಯಲ್ಲಿ ಎಲ್ಲಿಯ ಸ್ಪ್ಯಾನರ್! ಕಡೆಗೊಂದು ದಿನ ಶುಭಕಾರ್ಯಕ್ಕೆ ಕೊಡುವ ಕೋಕಾ ಎಲೆಯ ಚೀಲ ಹಿಡಿದು ಬಂದು ಕೂತ.

"ಮಾವ, ಸಬೀನಾನ ನಂಗೆ ಕೊಡ್ತೀರಾ?"

"ಟೋಪಿ ಎಲ್ಲಪ್ಪಾ?" ಎಂದೆ.

"ಯಾವ್ದು ಬೇಕು ಹೇಳಿ, ಪುನೋ ಪೇಟೆಯಿಂದ ತಂದ್ಕೊಡ್ತೀನಿ."

ಒಳಗೆ ನನ್ನವಳು ಇಲಾರಿಯಾ ನಕ್ಕ ಸದ್ದು ಬೀದಿಗೆ ಕೇಳಿತು. ನೀನು ಮಗನಿಗೆ ಇದೊಂದನ್ನೂ ಹೇಳಿರಲಿಲ್ಲವಲ್ಲ! ಹೆಣ್ಣು ಕೇಳುವವನು ತಾನೇ ಹೆಣೆದ ಟೋಪಿ ತರಬೇಕು, ಹೆಣ್ಣಿನ ಅಪ್ಪ ಅದರೊಳಗೆ ನೀರು ಹೊಯ್ದುಕೊಂಡು ಹೊಸ್ತಿಲಿಂದ ಕಲ್ಲುಕಮಾನಿನ ತನಕ ನಡೆಯುತ್ತಾನೆ, ಸೋರಿದರೆ ಹೆಣ್ಣಿಲ್ಲ ಎಂದು ನಾನೇ ಕೂರಿಸಿಕೊಂಡು ಹೇಳಬೇಕಾಯಿತು. ನೀನು ಯಾಕೆ ಹೇಳಿರಲಿಲ್ಲವೆಂದು ನನಗೆ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಇಲಾರಿಯಾಳ ಅಪ್ಪ ಅಪೊಲಿನಾರ್ ಮುದುಕ ನಿನ್ನ ಟೋಪಿ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನ ಪಾದ ಒದ್ದೆಯಾಗಿತ್ತು. ಊರೆಲ್ಲ ನಕ್ಕಿತು. ನೀನು ಟೋಪಿಯನ್ನು ಕಮಾನಿನ ಬುಡಕ್ಕೆ ಎಸೆದು, ಮಾರನೆಯ ದಿನದ ದೋಣಿ ಹತ್ತಿ, ಈಲೋ ಬಂದರಿನ ಮೀನಿನ ವಾಸನೆಯಲ್ಲಿ ಬಾಳು ಕಟ್ಟಿಕೊಂಡೆ.

ಇರಲಿ, ಹುಡುಗನ ಕಥೆ ಕೇಳು. ಸೈಕಲ್ ಚಕ್ರದ ಕಡ್ಡಿಗಳನ್ನು ತಾನೇ ಉಜ್ಜಿ ಐದು ಸೂಜಿ ಮಾಡಿಕೊಂಡ. ಸೂಜಿ ಮಾತ್ರ ಇಡೀ ದ್ವೀಪದಲ್ಲಿ ಯಾರ ಹತ್ತಿರವೂ ಇಲ್ಲದಷ್ಟು ನಯ. ಹೆಣಿಗೆ ಮಾತ್ರ ದೇವರಿಗೇ ಪ್ರೀತಿ. ಎಂಜಿನ್ ಬಿಗಿದ ಕೈ, ನೂಲನ್ನು ನಟ್ಟಿನ ಹಾಗೆ ಬಿಗಿದು ತುಂಡು ಮಾಡುತ್ತಿದ್ದ. ಅಕ್ಟೋಬರಿನ ಹೊತ್ತಿಗೆ ಒಂದು ಟೋಪಿ ಎದ್ದಿತು. ಕೆಳಗಿನ ಅರ್ಧಕ್ಕೆ ಕೆಂಪು ನೆಲದ ಮೇಲೆ ಲಂಗರಿನ ಚಿತ್ತಾರ, ಮೇಲಿನ ಅರ್ಧದ ಬಿಳಿಯೆಲ್ಲ ಖಾಲಿ ಹೊಡೆಯುತ್ತದೆಂದು ಅಲ್ಲಿಯೂ ಸಾಲು ಮೀನು. ಅದನ್ನು ಹಾಕಿಕೊಂಡು ಭಾನುವಾರ ಚೌಕಕ್ಕೆ ಹೋದ. ಬ್ರಹ್ಮಚಾರಿಯ ಟೋಪಿಯ ಬಿಳಿ ಬಿಳಿಯಾಗಿಯೇ ಇರಬೇಕು, ಚಿತ್ತಾರ ನೆತ್ತಿ ಮುಟ್ಟುವುದು ಮದುವೆಯಾದ ಮೇಲೆ ಎಂದು ಈ ಪ್ರಾಣಿಗೆ ಯಾರು ಹೇಳಬೇಕು?

"ಏನಪ್ಪಾ, ಅರ್ಧ ಮದ್ವೆ ಆಗೋಯ್ತಾ? ಹೆಂಡ್ತಿ ಸೊಂಟದ ತನಕ ಬಂದಳಾ?" ಎಂದ ದೋಣಿಯ ಪ್ರುಡೆನ್ಸಿಯೊ. ಹೆಂಗಸರು ನಗು ತಡೆಯಲಾರದೆ ಶಾಲಿನ ಸೆರಗು ಕಚ್ಚಿದರು. ಸಬೀನಾ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ.

ನಾನು ಅಂದುಕೊಂಡೆ, ಈಗ ಇವನೂ ದೋಣಿ ಹತ್ತುತ್ತಾನೆ. ಅವನು ನಮ್ಮ ಜಗಲಿಗೆ ಬಂದು ಕೂತು ಇಡೀ ಟೋಪಿಯನ್ನು ಬಿಚ್ಚಿ ನೂಲುಂಡೆ ಮಾಡಿದ. "ಮಾವ, ಮೊದಲಿಂದ ಹೇಳ್ಕೊಡಿ," ಎಂದ. ಬೆನಿಗ್ನೊ, ಅವತ್ತು ನನಗೆ ನಿನ್ನ ಮಗನ ಮೇಲೆ ಪ್ರೀತಿ ಹುಟ್ಟಿತು. ಜೊತೆಗೆ ಒಂದು ಸಂಕಟವೂ ಹುಟ್ಟಿತು.

ಆ ಸಂಕಟಕ್ಕೇ ಇರಬೇಕು, ಪೆಟ್ಟಿಗೆಯ ತಳದಿಂದ ನಿನ್ನ ಹಳೆಯ ಟೋಪಿಯನ್ನು ತೆಗೆದು ಅವನ ಕೈಗಿಟ್ಟೆ. ಹೌದು, ಕಮಾನಿನ ಬುಡದಿಂದ ನಾನೇ ಹೆಕ್ಕಿ ಇಟ್ಟುಕೊಂಡಿದ್ದೆ. ಅವನು ಅದರ ಹಕ್ಕಿಯನ್ನು ನೋಡಿ ಕಣ್ಣರಳಿಸಿದ. ನಮ್ಮೆಲ್ಲರ ಹಕ್ಕಿಗಳು ಮುಂದೆ ನೋಡುತ್ತವೆ, ನಿನ್ನದೊಂದೇ ಕತ್ತು ಹೊರಳಿಸಿ ಹಿಂದೆ ನೋಡುವುದು.

"ಮಾವ, ಈ ಹಕ್ಕಿ ಈಲೋದಲ್ಲಿ ನಮ್ಮನೆ ಬಾಗಿಲ ಮೇಲಿದೆ! ಅಪ್ಪ ಪ್ರತಿ ವರ್ಷ ಅದಕ್ಕೆ ಬಣ್ಣ ಬಳೀತಾರೆ. ಯಾವ ಹಕ್ಕಿ ಅಂದ್ರೆ ಬಾಯಿ ಬಿಡಲ್ಲ."

ಆಮೇಲೆ ಬೆರಳಾಡಿಸಿ, "ಇಲ್ಲೊಂದು ತೂತಿದೆ," ಎಂದ. ನುಸಿ ತಿಂದಿರಬೇಕು ಎಂದೆ. ಇಲಾರಿಯಾ ಅಲ್ಲೇ ಕೂತು ನೂಲುತ್ತಿದ್ದಳು, ಕದಿರು ಕೈಯಲ್ಲೇ ನಿಂತಿತು.

ಹೊಸ ಟೋಪಿಗೆ ಅವನು ನಾಲ್ಕು ತಿಂಗಳು ತೆಗೆದುಕೊಂಡ. ಚಿತ್ತಾರಗಳಿಗಾಗಿ ನಾವು ಕಚ್ಚಾಡಿದ್ದು ಅಷ್ಟಿಷ್ಟಲ್ಲ. ಲಂಗರು ಬೇಡ, ನಮ್ಮ ಕೆರೆಗೆ ಅದೆಂಥ ಲಂಗರು ಎಂದೆ. "ನಾನು ಸಮುದ್ರದವನು ಅನ್ನೋದನ್ನ ಯಾಕೆ ಮುಚ್ಚಿಡ್ಲಿ?" ಎಂದ. ಒಂದು ಸಾಲು ಲಂಗರು ಉಳಿಯಿತು. ಅದರ ಮೇಲೆ ಸಬೀನಾ ತನ್ನ ಪಟ್ಟಿಯಲ್ಲಿ ನೇಯುವ ಆರು ಭಾಗದ ಚಕ್ರ. ಊರ ಹೊಲಗಳ ಆರು ಪಾಲನ್ನು ತೋರಿಸುವ ಆ ಚಕ್ರ ನೆಂಟಸ್ತನಕ್ಕೆ ಒಳ್ಳೆಯದೆಂದು ಅವಳೇ ಎಣಿಸಿ ಕೊಟ್ಟಳು. ಅದರ ಮೇಲೆ ಕಡುನೀಲಿಯಲ್ಲಿ ನಿನ್ನ ಹಕ್ಕಿ. ಕತ್ತು ಹೊರಳುವ ಜಾಗದಲ್ಲಿ ಕುಣಿಕೆ ಎಣಿಸಲು ಬಾರದೆ ಅವನು ಏಳು ಸಲ ಬಿಚ್ಚಿದ. ನನಗೂ ಬರಲಿಲ್ಲ. ನಿನ್ನ ಕೈ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ. ನೆತ್ತಿಯ ಬಿಳಿಯನ್ನು ಮಾತ್ರ ಈ ಸಲ ಬಿಳಿಯಾಗಿಯೇ ಬಿಟ್ಟ.

ಮುಗಿದ ಮೇಲೆ ಗೊಂಡೆ ಕಟ್ಟಿಸಿಕೊಳ್ಳಲು ನನ್ನ ಹತ್ತಿರ ತಂದ. ಗೊಂಡೆಯಲ್ಲಿ ನನ್ನದು ಎತ್ತಿದ ಕೈ, ನಿನಗೆ ಗೊತ್ತಲ್ಲ. ಇಲಾರಿಯಾ ನಡುವೆ ಬಂದು ಟೋಪಿ ಕಿತ್ತುಕೊಂಡಳು. "ಗೊಂಡೆ ನಾನು ಕಟ್ತೀನಿ," ಎಂದಳು. ಪರೀಕ್ಷೆಯ ತನಕ ಅದನ್ನು ಯಾರ ಕೈಗೂ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಓಡಾಡಿದಳು.

ಹೋದ ಭಾನುವಾರ ಪರೀಕ್ಷೆ ನಡೆಯಿತು. ಊರು ನೆರೆದಿತ್ತು. ಸಬೀನಾ ಗೋಡೆಗೆ ಒರಗಿ ನಿಂತಿದ್ದಳು. ನಾನು ಟೋಪಿಯನ್ನು ತಿರುವಿ ಹಿಡಿದೆ, ಇಲಾರಿಯಾ ಬೋಗುಣಿಯಿಂದ ನೀರು ಹೊಯ್ದಳು. ನಾಲ್ಕು ಹೆಜ್ಜೆಗೆ ನನ್ನ ಕಾಲು ತಾನಾಗಿ ನಿಂತಿತು. ಬಗ್ಗಿ ಪಾದ ನೋಡಿಕೊಂಡೆ, ಒಣಗಿತ್ತು. "ನಡಿಯಪ್ಪಾ, ನೀರು ಆವಿಯಾಗೋಕೆ ಕಾಯ್ತಿದ್ದೀಯಾ?" ಎಂದು ಪ್ರುಡೆನ್ಸಿಯೊ ಕೂಗಿದ. ಕಮಾನು ಮುಟ್ಟಿದೆ. ಒಂದು ಹನಿ ಬೀಳಲಿಲ್ಲ ಬೆನಿಗ್ನೊ. ನೀರನ್ನು ರುಫಿನೊನ ತಲೆಯ ಮೇಲೆ ಸುರಿದು ಅವನನ್ನು ಅಪ್ಪಿಕೊಂಡೆ. ಅವನು ಅತ್ತ, ನಾನು ಇನ್ನೂ ಜೋರಾಗಿ ಅತ್ತೆ. ಮುದುಕನಿಗೆ ಮಗಳ ಮೇಲೆ ಎಷ್ಟು ಮಮತೆ ಎಂದು ಜನ ಮಾತಾಡಿಕೊಂಡರು.

ಮೇ ಮೂರನೆಯ ವಾರ ಮದುವೆ. ಇನ್ನು ನೀನು ಗೆಳೆಯ ಮಾತ್ರ ಅಲ್ಲ, ನನ್ನ ಬೀಗ. ಬೀಗನಿಲ್ಲದೆ ಮದುವೆ ಮಾಡಿದರೆ ಊರವರು ನನ್ನ ಮುಖಕ್ಕೆ ಉಗಿಯುತ್ತಾರೆ. ಮಗನ ಕೆಂಪು ಟೋಪಿಯನ್ನು, ಚಿತ್ತಾರ ನೆತ್ತಿ ಮುಟ್ಟುವಂಥದ್ದನ್ನು, ನೀನೇ ಬಂದು ಅವನ ತಲೆಗಿಡಬೇಕು. ನಿನ್ನ ಹೆಂಡತಿಗೆ ನಮ್ಮೆಲ್ಲರ ನಮಸ್ಕಾರ. ಭೂಮಿತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ, ಕೆರೆಯ ಗಾಳಿ ನಿನ್ನ ದೋಣಿಯನ್ನು ಮೆತ್ತಗೆ ತಂದು ಮುಟ್ಟಿಸಲಿ.

ನಿನ್ನ
ಲಿಯಾನ್ಸಿಯೊ

ಮರೆತ ಮಾತು: ಮರೆತಿರಲಿಲ್ಲ, ಮೂರು ತಿಂಗಳಿಂದ ಬರೆಯಲಾರದೆ ಬಿಟ್ಟದ್ದು ಇದೇ.

ನಿನ್ನ ಹಳೆಯ ಟೋಪಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಹಕ್ಕಿಯ ಹೊಟ್ಟೆಯ ಕೆಳಗೆ ಬೆರಳಿಡು. ಅದು ನುಸಿ ತಿಂದದ್ದಲ್ಲ. ಅಂದು ಪರೀಕ್ಷೆಯ ಹಿಂದಿನ ದಿನ ಗೊಂಡೆ ಕಟ್ಟಿಕೊಡೆಂದು ನೀನೇ ನನ್ನ ಕೈಗೆ ಕೊಟ್ಟು ಹೋದೆ. ಗೊಂಡೆ ಕಟ್ಟಿ ಚಾಕುವಿನಿಂದ ತುದಿ ಸವರಿದೆ, ಅದೇ ಚಾಕುವಿನಿಂದ ಎರಡು ಕುಣಿಕೆ ಕೊಯ್ದೆ. ನನಗೂ ಇಲಾರಿಯಾ ಬೇಕಾಗಿತ್ತು. ನೀನು ಊರು ಬಿಡುತ್ತೀಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಿನ್ನ ಹೆಣಿಗೆ ಸೋರಲಿಲ್ಲ ಬೆನಿಗ್ನೊ. ಎಂದೂ ಸೋರಿರಲಿಲ್ಲ.

ಪರೀಕ್ಷೆ ಮುಗಿದ ಸಂಜೆ ಇಲಾರಿಯಾಳಿಗೆ ಹೇಳಿದೆ. ಅವಳು ಕದಿರು ನಿಲ್ಲಿಸಲಿಲ್ಲ. "ಆ ಕೆಂಪು ನೂಲು ನೂತು ಅವನಿಗೆ ಕೊಟ್ಟೋಳು ನಾನು. ಅವತ್ತೇ ಕಮಾನಿನ ಹತ್ರ ಎತ್ತಿ ನೋಡ್ದೆ. ಹರಿದ ನೂಲು ಯಾವ್ದು, ಕೊಯ್ದ ನೂಲು ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಆಮೇಲೆ ನೀನು ಬಂದು ಹೆಕ್ಕಿದ್ದನ್ನೂ ನೋಡ್ದೆ."

ಮತ್ತೆ ನನ್ನನ್ನು ಯಾಕೆ ಕಟ್ಟಿಕೊಂಡೆ ಎಂದು ಕೇಳಿದೆ.

"ಅವನು ದೋಣಿ ಹತ್ತೋ ಮುಂಚೆ ನನ್ನ ಒಂದು ಮಾತು ಕೇಳ್ಲಿಲ್ಲ. ನೀನು ಮೂರು ವರ್ಷ ಬಾಗಿಲಿಗೆ ಬಂದೆ. ಕಟ್ಕೊಂಡೆ. ಇವತ್ತಾದ್ರೂ ಹೇಳ್ತೀಯ, ನಾಳೆಯಾದ್ರೂ ಹೇಳ್ತೀಯ ಅಂತ ಕಾದೆ. ಟೋಪಿ ಸೋರಿದ ದಿನದಿಂದ ಇಪ್ಪತ್ತಾರು ವರ್ಷ ಆಯ್ತಲ್ಲೋ ಮಾರಾಯ." ಆಮೇಲೆ ಅಂದಳು, "ನನ್ನ ಹತ್ರ ಹೇಳಿದ್ದು ಸಾಲದು. ಅವನಿಗೆ ಬರಿ."

ಬರೆದೆ. ರುಫಿನೊಗೆ ಇನ್ನೂ ಗೊತ್ತಿಲ್ಲ. ಆ ತೂತನ್ನು ಹೊಲಿದುಕೊಡುತ್ತೇನೆಂದ, ಬೇಡವೆಂದೆ.

ಮದುವೆಗೆ ಮುಂಚಿನ ವಾರವೆಲ್ಲ ಪ್ರತಿ ದೋಣಿಗೂ ನಾನು ದಡದಲ್ಲಿ ಬರಿತಲೆಯಲ್ಲಿ ನಿಂತಿರುತ್ತೇನೆ. ನಮ್ಮೂರ ಗಂಡಸು ಬರಿತಲೆಯಲ್ಲಿ ನಿಂತರೆ ಜನ ಮಾನಗೆಟ್ಟವನು ಎನ್ನುತ್ತಾರೆಂದು ನಿನಗೆ ಗೊತ್ತು, ಅಂದುಕೊಳ್ಳಲಿ. ಹೊಡೆಯಬೇಕೆನ್ನಿಸಿದರೆ ಹೊಡಿ, ಹೆಣೆಯುವ ಬಲಗೈ ಒಂದನ್ನು ಬಿಟ್ಟು. ಆದರೆ ಬಾ. ನನ್ನ ಟೋಪಿ ಕಂಕುಳಲ್ಲಿರುತ್ತದೆ. ನೀನು ತೊಡಿಸಿದರೆ ಮಾತ್ರ ತೊಡುತ್ತೇನೆ.