ಅಲ್ಹಂಬ್ರಾದ ನೀರಿನ ಸಂಗತಿ

ರೌಂಡ್ ರಾಕ್
೧೬ ಅಕ್ಟೋಬರ್ ೨೦೨೪

ಸೌಭಾಗ್ಯವತಿ ಶಾಂತವ್ವಳಿಗೆ,

ನಾನಿಲ್ಲಿ ಆರಾಮ ಇದ್ದೇನೆ. ನೀನೂ ಆರಾಮ ಇದ್ದೀ ಎಂದು ಮಗ ವಿಜಯ್ ನಿನ್ನೆ ಫೋನಿನಲ್ಲಿ ಹೇಳಿದ. ಸ್ಪೇನಿನಿಂದಲೇ ಕಾಗದ ಬರೆಯುತ್ತೇನೆ ಎಂದು ಮಾತು ಕೊಟ್ಟು ಹೋದವನು ಟೆಕ್ಸಸ್ ಮುಟ್ಟಿದ ಮೇಲೆ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಅಲ್ಲಿ ಹಗಲೆಲ್ಲ ನಿನ್ನ ಮಗಳು ನಡೆಸಿದ್ದೇ ನಡೆಸಿದ್ದು. ರೂಮಿಗೆ ಬಂದು ಪೆನ್ನು ಹಿಡಿದರೆ ಹಾಗೇ ನಿದ್ದೆ ಹೋಗುತ್ತಿದ್ದೆ. ಬರುವಾಗ ವಿಮಾನದಲ್ಲಿ ನೆಗಡಿ ಹಿಡಿಯಿತು. ಹೂಸ್ಟನ್ನಿಗೆ ವಿಜಯನ ಮನೆಗೆ ಬಂದು ನಿನಗೂ ಮೊಮ್ಮಗಳು ಮಹತಿಗೂ ಅಂಟಿಸುವುದು ಬೇಡವೆಂದು ಸೌಂದರ್ಯಾ ನನ್ನನ್ನು ತನ್ನ ಮನೆಯಲ್ಲೇ ಹಿಡಿದಿಟ್ಟಿದ್ದಾಳೆ. ಭಾನುವಾರ ತಾನೇ ಡ್ರೈವ್ ಮಾಡಿಕೊಂಡು ಬಂದು ಬಿಡುತ್ತಾಳಂತೆ.

"ಅಪ್ಪಾ, ಟೈಪ್ ಮಾಡಿ ಕಳಿಸ್ರಿ, ಟೂ ಮಿನಿಟ್ಸ್ ಕೆಲಸ" ಎಂದು ಅವಳು ನಗುತ್ತಾಳೆ. ನನಗೆ ಆ ಸಣ್ಣ ಗುಂಡಿಗಳು ಸಿಗುವುದಿಲ್ಲ. ಇನ್ನು ವಿಜಯ್ ಹಾಕಿಕೊಟ್ಟಿದ್ದಾನಲ್ಲ, ನಾವು ಆಡಿದ್ದನ್ನು ಬರೆದು ತೋರಿಸುವ ಯಂತ್ರ, ಅದಕ್ಕೆ ನಮ್ಮ ಬಾಗಲಕೋಟೆಯ ಮಾತು ತಿಳಿಯಬೇಕೇ? ನಾನು "ಊಟಾ ಆತೇನು" ಎಂದರೆ ಅದು ಅಮೆರಿಕದ ಯೂಟಾ ರಾಜ್ಯದ ಹೆಸರು ಬರೆದು ತೋರಿಸಿತ್ತು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಹಾಗಾಗಿ ಈ ಕಾಗದವೇ ಸರಿ.

ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆಂದು ಸೌಂದರ್ಯಾ ಮೂವರಿಗೂ ಟಿಕೆಟ್ ತೆಗೆಸಿದ್ದಳು. ಹೊರಡುವ ವಾರದಲ್ಲಿ ನೀನು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ: "ನೀವಿಬ್ರು ಹೋಗಿ ಬರ್ರಿ. ಕಿವಿ ಇಲ್ಲದಾಕಿ ಬಂದು ಏನ ಮಾಡ್ಲಿ. ನಿಮಗೂ ತ್ರಾಸು." ಆ ಹಾಳು ಜ್ವರ ನಿನ್ನ ಕಿವಿ ಒಯ್ದು ಎರಡು ವರ್ಷವಾಯಿತು. ಅಷ್ಟು ದೂರದ ಊರಿಗೆ ನಿನ್ನನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಮಗಳ ಮುಖ ನೋಡಿ ಹೋದೆ. ಹೋಗಿ ನೋಡಿದ್ದನ್ನೆಲ್ಲ ಈಗ ನಿನಗೆ ಹೇಳಿಬಿಡುತ್ತೇನೆ.

ಊರಿನ ಹೆಸರು ಗ್ರನಾಡಾ. ಅವರ ಭಾಷೆಯಲ್ಲಿ ದಾಳಿಂಬೆ ಎಂದು ಅರ್ಥವಂತೆ. ಓಣಿಯ ಕಂಬ, ಚರಂಡಿಯ ಮುಚ್ಚಳ, ಎಲ್ಲದರ ಮೇಲೂ ದಾಳಿಂಬೆಯ ಚಿತ್ರ. ನಿನ್ನ ಅಣ್ಣನ ತೋಟ ನೆನಪಾಯಿತು. ಊರ ಪಕ್ಕದ ಗುಡ್ಡದ ಮೇಲೆ ಕೆಂಪು ಕೋಟೆ. ಅದರೊಳಗೆ ಆರೇಳು ನೂರು ವರ್ಷಗಳ ಹಿಂದೆ ಮುಸಲ್ಮಾನ ಸುಲ್ತಾನರು ಕಟ್ಟಿಸಿದ ಅರಮನೆ ಮತ್ತು ತೋಟಗಳು. ಅದೇ ಅಲ್ಹಂಬ್ರಾ. ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡಿ ಒಳಗೆ ಬಿಡುತ್ತಾರೆ. ಅಲ್ಲೇ ಒಂದು ಕಿಟಕಿಯಲ್ಲಿ ಆಡಿಯೋ ಗೈಡ್ ಬಾಡಿಗೆಗೆ ಕೊಡುತ್ತಾರೆ. ಕೊರಳಿಗೆ ಹಾಕಿಕೊಳ್ಳುವ ಸಣ್ಣ ಡಬ್ಬಿ, ಕಿವಿಗೆ ಎರಡು ಬಿಲ್ಲೆ. ಗೋಡೆಯ ಮೇಲಿರುವ ನಂಬರ್ ಒತ್ತಿದರೆ ಆ ಜಾಗದ ಕಥೆ ಶುರುವಾಗುತ್ತದೆ.

"ಕನ್ನಡದಾಗ ಅದ ಏನು ಕೇಳವ್ವ" ಎಂದೆ.

"ಅಪ್ಪಾ, ಪ್ಲೀಸ್" ಎಂದು ಸೌಂದರ್ಯಾ ನನ್ನ ಕಿವಿಗೆ ಇಂಗ್ಲಿಷ್ ಹಾಕಿದಳು.

ಹೆಂಗಸಿನ ದನಿ, ಮೆತ್ತಗೆ. ಎಡಕ್ಕೆ ನೋಡಿ, ತಲೆಯೆತ್ತಿ ನೋಡಿ, ಈ ಕೊಳದಲ್ಲಿ ಬುರುಜಿನ ನೆರಳು ನೋಡಿ ಎಂದು ಹೇಳುತ್ತಾ ಹೋಯಿತು. ನಿಜವಾಗಿಯೂ ಕೊಳದಲ್ಲಿ ಇಡೀ ಬುರುಜು ತಲೆಕೆಳಗಾಗಿ ನಿಂತಿತ್ತು, ಒಂದು ಅಲುಗಾಟವಿಲ್ಲ. ಮೇಲಿನ ಗೋಡೆಗಳಲ್ಲಿ ಗಾರೆಯ ಕೆತ್ತನೆ ಎಂದರೆ, ವಿಜಯಪುರದ ಇಬ್ರಾಹಿಂ ರೋಜಾ ನೋಡಿದ್ದೀಯಲ್ಲ, ಅದನ್ನು ಕಲ್ಲಿನ ಬದಲು ಬೆಣ್ಣೆಯಲ್ಲಿ ಮಾಡಿದ ಹಾಗೆ. ಕೆಳಗೆಲ್ಲ ಬಣ್ಣದ ಹೆಂಚಿನ ತುಣುಕು. ಮೂವತ್ತು ವರ್ಷ ಟೈಲ್ಸ್ ಅಂಗಡಿ ನಡೆಸಿದವನ ಕಣ್ಣು ಎಲ್ಲಿಗೆ ಹೋಗಬೇಕು? ಸಂದಿಗೆ. ಬಗ್ಗಿ ಸಂದಿ ನೋಡುತ್ತಿದ್ದರೆ ಕಾವಲಿನವನು ಓಡಿಬಂದ.

"ಅಪ್ಪಾ, ನೀವು ಇನ್‌ಸ್ಪೆಕ್ಷನ್‌ಗೆ ಬಂದಿಲ್ಲ!" ಎಂದು ಸೌಂದರ್ಯಾ ನನ್ನ ತೋಳು ಹಿಡಿದು ಎಬ್ಬಿಸಿದಳು.

ಮುಂದೆ ಸಿಂಹಗಳ ಅಂಗಳ. ನಮ್ಮ ಗುಡಿಯ ಸಿಂಹಗಳಂತೆ ಬಾಯಿ ತೆರೆದು ಅಬ್ಬರಿಸುವುದಿಲ್ಲ. ಪಾಪದ ಮುಖ. ಬೆನ್ನ ಮೇಲೆ ಎಲ್ಲವೂ ಸೇರಿ ದೊಡ್ಡ ಕಲ್ಲಿನ ಬೋಗುಣಿ ಹೊತ್ತುಕೊಂಡು, ಬಾಯಿಂದ ಸಣ್ಣಗೆ ನೀರು ಬಿಡುತ್ತಾ ನಿಂತಿವೆ. ಆ ದನಿ ಅವುಗಳ ಕಥೆ ಶುರು ಮಾಡಿತು, ಅರ್ಧಕ್ಕೇ ನಿಂತಿತು. ಡಬ್ಬಿ ತಟ್ಟಿದೆ, ಗುಂಡಿ ಒತ್ತಿದೆ. ಬ್ಯಾಟರಿ ಹೋಗಿತ್ತು.

ಸುತ್ತಲೂ ನೂರಾರು ಜನ. ಎಲ್ಲರೂ ಏನನ್ನೋ ಕೇಳುತ್ತಿದ್ದಾರೆ, ಒಟ್ಟಿಗೇ ತಲೆಯೆತ್ತುತ್ತಾರೆ, ನಗುತ್ತಾರೆ. ಏತಕ್ಕೆ ನಕ್ಕರು ಎಂದು ನನಗೆ ಗೊತ್ತಿಲ್ಲ. ಸೌಂದರ್ಯಾಳ ಭುಜ ಮುಟ್ಟಿದೆ. ಅವಳು ಒಂದು ಕಿವಿಯ ಬಿಲ್ಲೆ ಸರಿಸಿ, "ಒನ್ ಸೆಕೆಂಡ್ ಅಪ್ಪಾ, ಇದು ಮುಗೀಲಿ, ಆಮ್ಯಾಲೆ ಹೇಳ್ತೀನಿ" ಎಂದಳು. ಆಮೇಲೆ ಮರೆತಳು. ಮುಂದಿನ ಕೋಣೆಯಲ್ಲಿಯೂ ಹಾಗೆಯೇ ಆಯಿತು. ಅವಳ ತಪ್ಪಲ್ಲ, ಅವಳ ಕಿವಿಯಲ್ಲಿ ಇನ್ನೊಂದು ಲೋಕವೇ ನಡೆದಿತ್ತು. ಆದರೆ ಅಷ್ಟು ಜನರ ನಡುವೆ ನಾನೊಬ್ಬನೇ ಗಾಜಿನ ಆಚೆ ನಿಂತವನಂತೆ ಆಗಿಬಿಟ್ಟೆ. ಶಾಂತಾ, ನನಗೆ ಇದು ಒಂದು ಮಧ್ಯಾಹ್ನದ ಪಾಡು. ನಿನಗೆ ದಿನಾ ಬೆಳಗಾದರೆ ಇದೇ ಅಲ್ಲವೇ?

ಅವಳಿಗೆ ಹೇಳದೆಯೇ ಹೊರಬಿದ್ದು ಮೇಲಿನ ತೋಟಕ್ಕೆ ನಡೆದೆ. ಸುಲ್ತಾನರು ಬೇಸಿಗೆ ಕಳೆಯುತ್ತಿದ್ದ ತೋಟವಂತೆ. ಅಲ್ಲಿ ಮರಗಳ ನೆರಳಿನಲ್ಲಿ ಮೇಲಕ್ಕೆ ಏರುವ ಮೆಟ್ಟಿಲುಗಳಿವೆ. ಈಗ ನಾನು ಹೇಳುವುದನ್ನು ನಿಧಾನಕ್ಕೆ ಓದು. ಹತ್ತುವಾಗ ಕೈಯೂರುತ್ತೇವಲ್ಲ, ಎರಡೂ ಬದಿಯ ಆ ಗೋಡೆಯ ತಲೆಯನ್ನು ಕಾಲುವೆಯಂತೆ ತೋಡಿದ್ದಾರೆ. ಅದರಲ್ಲಿ ಗುಡ್ಡದ ಮೇಲಿನ ನೀರು ಇಳಿದು ಬರುತ್ತದೆ. ಕೈಯೂರಿದರೆ ಬೆರಳುಗಳ ನಡುವೆ ನೀರು. ಓಡುವ ನೀರು, ತಣ್ಣಗೆ, ಕೈಯನ್ನು ತಳ್ಳುತ್ತಾ. ಕೈಯೆತ್ತಿದರೆ ಇಲ್ಲ, ಇಟ್ಟರೆ ಮತ್ತೆ ಇದೆ. ಅದನ್ನು ತಿಳಿಯಲು ಕಿವಿ ಬೇಕಿಲ್ಲ. ನಾನು ಅಂಗಿಯ ತೋಳು ಮೊಣಕೈವರೆಗೆ ಏರಿಸಿ, ಹುಡುಗರ ಹಾಗೆ ಕೈಯದ್ದಿ ಅಲ್ಲೇ ಕುಳಿತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಸೌಂದರ್ಯಾ ಏದುಸಿರು ಬಿಡುತ್ತಾ ಬಂದಳು.

"ಅಪ್ಪಾ, ಎಷ್ಟು ಹುಡುಕಿದೆ! ಕೆಳಗಿಂದ ಒದರ್ತಾನೇ ಇದ್ದೆ. ಕೇಳಸಲಿಲ್ಲೇನು?"

"ಇಲ್ಲವ್ವ, ನೀರಿನ ಸಪ್ಪಳದಾಗ ಕೇಳಸಲಿಲ್ಲ" ಎಂದು ಅವಳ ಕೈ ಹಿಡಿದು ನೀರಿನಲ್ಲಿಟ್ಟೆ.

ಅವಳು ಕಿವಿಯ ಬಿಲ್ಲೆ ತೆಗೆದು ಚೀಲಕ್ಕೆ ಹಾಕಿದಳು. ಆಮೇಲೆ, "ಅವ್ವ ಇರಬೇಕಾಗಿತ್ತು" ಎಂದವಳೇ ಅಳತೊಡಗಿದಳು. "ಅವ್ವನ ಜೋಡಿ ಹೆಂಗ ಇರಬೇಕು ನಂಗ ತಿಳಿಯೋದಿಲ್ಲ ಅಪ್ಪಾ. ವೀಕೆಂಡ್ ಬರ್ತೀನಿ, ಸ್ಮೈಲ್ ಮಾಡ್ತೀನಿ, ಆಕಿ ಕೈ ಹಿಡೀತೀನಿ. ದೆನ್ ಐ ಜಸ್ಟ್ ಲೀವ್. ಕಾರ್‌ನಾಗ ಹೂಸ್ಟನ್‌ನಿಂದ ಆಸ್ಟಿನ್ ತನಾ ಅಳ್ತೀನಿ."

ಇದು ನನಗೆ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಕ್ಕಿಲ್ಲ. ಮಗಳು ನಿನ್ನ ಮುಂದೆ ಯಾವಾಗಲೂ ನಗುತ್ತಾಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿಂದ ಬಂದವಳೇ ಇಲ್ಲೇ ಪಕ್ಕದ ಆಸ್ಟಿನ್‌ನಲ್ಲಿ ಕೈಸನ್ನೆಯ ಭಾಷೆ ಕಲಿಸುವ ಕ್ಲಾಸಿಗೆ ಹೆಸರು ಹಚ್ಚಿದ್ದಾಳೆ, ತನ್ನದೂ ನನ್ನದೂ. ನಾನು ಹೂಸ್ಟನ್ನಿನಿಂದಲೇ ಕಂಪ್ಯೂಟರಿನಲ್ಲಿ ಕಲಿತು ನಿನಗೂ ಕಲಿಸಬೇಕಂತೆ. ನನ್ನ ದಪ್ಪ ಬೆರಳು ಬಗ್ಗುವುದಿಲ್ಲವೆಂದೆ, ಕೇಳಲಿಲ್ಲ. 'ನೀರು' ಎನ್ನುವುದಕ್ಕೆ ಮೂರು ಬೆರಳು ಎತ್ತಿ ಗದ್ದಕ್ಕೆ ತಟ್ಟಬೇಕಂತೆ. ನಿನ್ನೆಯಿಂದ ಕನ್ನಡಿಯ ಮುಂದೆ ಅದನ್ನೇ ಮಾಡುತ್ತಿದ್ದೇನೆ. ವಸಂತದಲ್ಲಿ ಮೂವರೂ ಮತ್ತೆ ಗ್ರನಾಡಾಕ್ಕೆ ಹೋಗುವುದೆಂದು ಅವಳ ತೀರ್ಮಾನ. ಈ ಸಲ ಕ್ಯಾಲೆಂಡರು ಹುಡುಕಬೇಡ, ನಾನು ಓದುವುದಿಲ್ಲ.

ಮಹತಿಗೆ ಅಜ್ಜನ ಮುದ್ದು ಹೇಳು. ನಿನ್ನ ಗುಳಿಗೆ ತಪ್ಪಿಸಬೇಡ. ಮನೆಯ ದೇವರು ನಿನ್ನನ್ನು ನೂರು ಕಾಲ ನಮ್ಮ ನಡುವೆ ಇಟ್ಟಿರಲಿ.

ನಿನ್ನವ,
ಅಣ್ಣಾಸಾಹೇಬ

ತಾ. ಕ.: ಸಹಿ ಮಾಡಿದ ಮೇಲೂ ಪೆನ್ನು ಕೆಳಗಿಡಲಾಗಲಿಲ್ಲ. ಶಾಂತಾ, ನಿನ್ನ ಕಿವಿಯನ್ನು ಜ್ವರ ಒಯ್ದಿತು. ದನಿಯನ್ನು ಒಯ್ದದ್ದು ಜ್ವರವಲ್ಲ. ಹೋದ ವರ್ಷ ಮಹತಿಯ ಹುಟ್ಟುಹಬ್ಬದ ದಿನ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಕೂಸನ್ನು ಹರಸುವಾಗ ನಿನ್ನ ದನಿ ಎಷ್ಟು ಎತ್ತರಕ್ಕೆ ಹೋಯಿತೆಂದು ನಿನಗೆ ತಿಳಿಯುವಂತಿರಲಿಲ್ಲ. ವಿಜಯನ ಆಫೀಸಿನವರೆಲ್ಲ ತಿರುಗಿ ನೋಡಿದರು. ವಿಜಯ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವನು ಅದನ್ನು ಆ ಕ್ಷಣವೇ ಮರೆತ. ನೀನು ಮರೆಯಲಿಲ್ಲ. ಆಮೇಲೆ ನಿನ್ನ ಬಾಯಿಂದ ಒಂದು ಮಾತೂ ಬಂದಿಲ್ಲ. ಡಾಕ್ಟರರು ಗಂಟಲು ನೋಡಿ ಏನೂ ಆಗಿಲ್ಲ ಎಂದರು. ಏನಾಗಿದೆ ಎಂದು ನಮ್ಮಿಬ್ಬರಿಗೇ ಗೊತ್ತು. ಆ ಯಂತ್ರದೊಳಗಿನ ಹೆಂಗಸು ಅಷ್ಟು ಹೊತ್ತು ನನ್ನ ಕಿವಿಯಲ್ಲಿ ಮಾತಾಡಿದಳಲ್ಲ, ನನಗೆ ಬೇಕಾಗಿದ್ದದ್ದು ಅವಳ ದನಿಯಲ್ಲ.

ಭಾನುವಾರ ನಾನು ಬಾಗಿಲಿಗೆ ಬಂದಾಗ, ಮೊದಲಿನ ಹಾಗೆ, "ಈಗ ಬಂದ್ರೇನ್ರೀ" ಅನ್ನು. ಎಷ್ಟು ಜೋರಾದರೂ ಆಗಲಿ. ಓಣಿಯವರೆಲ್ಲ ಹೊರಗೆ ಬಂದು ನೋಡಲಿ.