ಕಟ್ ಹೇಳದ ನಿರ್ದೇಶಕ

ಶೂಟಿಂಗ್ ಮನೆಯ ಮಹಡಿ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಕಣ್ಣುರಿ ಕಡಿಮೆಯಾಯಿತೇ? ಬೆಳಗಿನಿಂದ ರಾತ್ರಿಯವರೆಗೆ ನಿನ್ನನ್ನು ಎಡಿಟಿಂಗ್ ಪರದೆಯ ಮುಂದೆ ಕೂರಿಸುವ ಆ ಧಾರಾವಾಹಿಯವರ ಬಾಗಿಲಿಗೆ, ದುಡಿಮೆಯ ಅವಧಿಯ ಬಗ್ಗೆ ನಾನು ಓದಿದ ಕಿರುಹೊತ್ತಗೆಗಳನ್ನೆಲ್ಲ ಅಂಟಿಸಿ ಬರಬೇಕು ಅನ್ನಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಅಪ್ಪನಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಿನ್ನೆ ಅವರ ಸಿನಿಮಾದ ಶೂಟಿಂಗ್ ಮುಗಿಯಿತು! ಇಲ್ಲಿ ಲೈಟಿನವರೂ ನಟರೂ ಒಂದೇ ಮೇಜಿನಲ್ಲಿ ಊಟ ಮಾಡಿದರು ಗೊತ್ತಾ? ಅದು ನನ್ನ ಹೋರಾಟದ ಫಲ. "ಮುಖಂಡರು ಬಂದ್ರು, ಎದ್ದು ನಿಲ್ರಪ್ಪಾ" ಎಂದು ಅಪ್ಪ ರೇಗಿಸುತ್ತಿದ್ದರು. ಆದರೆ ತಮ್ಮ ತಟ್ಟೆಯನ್ನು ತಾವೇ ತೊಳೆಯುತ್ತಿದ್ದರು.

ಒಂದೇ ಪೇಚು. ಅಪ್ಪನ ಬಾಯಲ್ಲಿ 'ಕಟ್' ಅನ್ನುವ ಮಾತೇ ಬರುವುದಿಲ್ಲ. ಧಾರಾವಾಹಿಗಳಲ್ಲಿ ಅಷ್ಟು ವರ್ಷ ನಟಿಸುವಾಗ, ಕಣ್ಣು ತುಂಬುವ ಹೊತ್ತಿಗೆ ಸರಿಯಾಗಿ ಯಾರೋ ಕಟ್ ಎಂದು, "ಅಳು ಚೆನ್ನಾಗಿತ್ತು ಸಾರ್, ಲೈಟ್ ಸರಿಯಿರ್ಲಿಲ್ಲ" ಅನ್ನುತ್ತಿದ್ದರಲ್ಲ, ಆ ಗತಿ ತಮ್ಮ ನಟರಿಗೆ ಬರಬಾರದಂತೆ. ಒಂದು ದಿನ ತಾಯಿಯ ಪಾತ್ರ ಮಾಡುತ್ತಿರುವ ಹಿರಿಯ ನಟಿ ದೊಡ್ಡಮ್ಮನ ಮಾತು ಮುಗಿಯಿತು. ಅಪ್ಪ ಕಟ್ ಅನ್ನದೆ, ಕ್ಯಾಮೆರಾ ಓಡಲು ಬಿಟ್ಟು ನೋಡುತ್ತಿದ್ದಾರೆ. ಕಾದು ಬೇಸತ್ತ ದೊಡ್ಡಮ್ಮ ಕುರ್ಚಿಯ ಮೇಲಿದ್ದ ಅಂಗಿ ಎತ್ತಿಕೊಂಡು ಗುಂಡಿ ಹೊಲಿಯತೊಡಗಿದರು. ದಾರ ಸೂಜಿಗೆ ಹೋಗಲಿಲ್ಲ. ಮಗನ ಪಾತ್ರದವನು ದಿಕ್ಕು ತೋಚದೆ ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟ. ಅಮ್ಮಾ, ಇಡೀ ಸಿನಿಮಾದ ಜೀವ ಅಲ್ಲಿದೆ. ಕೊನೆಗೆ ದೊಡ್ಡಮ್ಮನೇ ಅಪ್ಪನ ಕಡೆ ತಿರುಗಿ, "ಏನಯ್ಯಾ, ನಿದ್ದೆ ಬಂತಾ?" ಅಂದರು. ನಕ್ಕು ನಕ್ಕು ಕ್ಯಾಮೆರಾದವರ ಕನ್ನಡಕ ಬಿದ್ದಿತು.

ಹೀಗೆ ಸಿನಿಮಾ ಐದು ಗಂಟೆಯಷ್ಟಾಗಿದೆ. ಎರಡು ಗಂಟೆಗೆ ಇಳಿಸದಿದ್ದರೆ ತಮ್ಮ ಕಡೆಯ ಎಡಿಟರ್‌ಗೆ ಕೊಡುವುದಾಗಿ ನಿರ್ಮಾಪಕರು ಹೇಳಿದ್ದಾರೆ. ಬಂಡವಾಳಕ್ಕೆ ತಾಳ್ಮೆ ಎಲ್ಲಿಂದ ಬರಬೇಕು? ಆ ಎಡಿಟರ್ ಮೊದಲು ಕಿತ್ತೆಸೆಯುವುದು ಆ ಸೂಜಿದಾರವನ್ನೇ. ಶೂಟಿಂಗ್ ನಡುವೆಯೇ ಅಪ್ಪ ಒಂದು ವಾರದಿಂದ ರಾತ್ರಿ ಕೂತು ಕತ್ತರಿಸಿರುವುದು ಒಂದು ಬಾಗಿಲು ಮುಚ್ಚುವ ದೃಶ್ಯ ಮಾತ್ರ. ಅದನ್ನೂ ಸಂಜೆ ವಾಪಸ್ ಸೇರಿಸಿದರು.

ಹಿಂದೆ ಅಪ್ಪ ಮಾಡಿದ ಟೆಲಿಚಿತ್ರವನ್ನು ಎಡಿಟ್ ಮಾಡುತ್ತಾ ಅವರಿಗೆ ಅತಿ ಇಷ್ಟವಾಗಿದ್ದ ದೃಶ್ಯವನ್ನು ನೀನು ತೆಗೆದಾಗ, "ನಿನ್ನ ಕತ್ತರಿಗೆ ಕರುಳೇ ಇಲ್ಲ" ಎಂದು ಕೂಗಾಡಿದರಲ್ಲ, ಅದಕ್ಕೇ ನೀನು ಈ ಧಾರಾವಾಹಿಯ ಕೆಲಸ ಒಪ್ಪಿಕೊಂಡು ಆ ಊರಿಗೆ ಹೊರಟೆಯಲ್ಲ, ಈಗ ಕೇಳು. ಮೊನ್ನೆ ಕ್ಯಾಮೆರಾದವರಿಗೆ ಹೇಳುತ್ತಿದ್ದರು: "ಆ ಸೀನ್ ಇದ್ದಿದ್ರೆ ಜನ ಎದ್ದು ಹೋಗ್ತಿದ್ರು. ಅವಳು ನನ್ನ ಮಾನ ಉಳಿಸಿದ್ಲು." ಅದನ್ನು ನಿನಗೆ ಹೇಳಲು ಮಾತ್ರ ಅವರಿಗೆ ಬಾಯಿಲ್ಲ. ಗಂಡಸರ ಅಹಂಕಾರದ ಬಗ್ಗೆಯೂ ನನ್ನ ಹತ್ತಿರ ಒಂದು ಕಿರುಹೊತ್ತಗೆ ಇದೆ. ಅವರ ದಿಂಬಿನ ಕೆಳಗೆ ಇಟ್ಟಿದ್ದೇನೆ.

ದೊಡ್ಡಮ್ಮ, ಲೈಟಿನವರು, ಎಲ್ಲರೂ ನಿನ್ನನ್ನು ಕೇಳಿದರು. ಕಣ್ಣಿಗೆ ವಿಶ್ರಾಂತಿ ಕೊಡು.

ನಿನ್ನ ಜಗಳಗಂಟಿ ಮಗಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸುದ್ದಿ! ಸಿನಿಮಾದ ಹೆಸರುಪಟ್ಟಿಯಲ್ಲಿ 'ಸಂಕಲನ' ಎಂಬಲ್ಲಿ ಅಪ್ಪ ನಿನ್ನ ಹೆಸರು ಹಾಕಿಸಿ ನಿರ್ಮಾಪಕರಿಗೆ ಕಳಿಸಿಬಿಟ್ಟಿದ್ದಾರೆ, ನಿನ್ನನ್ನು ಒಂದು ಮಾತೂ ಕೇಳದೆ. ನಿರ್ಮಾಪಕರೂ ಒಪ್ಪಿದರಂತೆ. ದುಡಿಯುವವಳ ಒಪ್ಪಿಗೆಯಿಲ್ಲದೆ ಕೆಲಸ ಹೊರಿಸುವುದು ಶುದ್ಧ ದಬ್ಬಾಳಿಕೆ, ನಾನು ಖಂಡಿಸಿದೆ. ನನ್ನೊಬ್ಬಳ ಖಂಡನೆ ಅಪ್ಪನಿಗೆ ನಾಟುವುದಿಲ್ಲ. ನೀನು ಇಲ್ಲಿಗೆ ಬರಲು ಟಿಕೆಟ್ ಈ ಲಕೋಟೆಯೊಳಗಿದೆ, ಶುಕ್ರವಾರದ್ದು. ನೀನೇ ಬಂದು ಖಂಡಿಸು.